ಕ್ಲೈಂಟ್‌ಗೆ ಬರೆಯೋದು, ಮಾತಾಡೋದು ಹೇಗೆ ಕಲಿತಿರಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಮಸ್ಕಾರ. ನಾನು ಹಾವೇರಿ ಕಡೆಯವಳು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿವಿಎ (ದೃಶ್ಯಕಲೆಯ ಪದವಿ). ಈಗ ಬೆಂಗಳೂರಿನ ಒಂದು ಡಿಸೈನ್ ಸ್ಟುಡಿಯೊದಲ್ಲಿ ಕೆಲಸ. ಬಿಡುವಿದ್ದಾಗ ಪುಸ್ತಕಗಳಿಗೆ ಚಿತ್ರ ಬರೆದುಕೊಡ್ತೀನಿ. ಚಿತ್ರದ ಬಗ್ಗೆ ಭಯವಿಲ್ಲ, ಆದರೆ ಮೇಲ್ ಬರೆಯೋಕೆ ಕೂತರೆ ಕೈ ಓಡಲ್ಲ. ಬದಲಾವಣೆ ಹೇಳಿದಾಗ ಹೇಗೆ ಉತ್ತರಿಸೋದು, ದುಡ್ಡಿನ ಮಾತು ಯಾವಾಗ ಎತ್ತೋದು? ನೀವೆಲ್ಲ ಇದನ್ನ ಎಲ್ಲಿ ಕಲಿತಿರಿ?

ಮಕ್ಕಳ ಪುಸ್ತಕಗಳ ಚಿತ್ರಕಾರ್ತಿ, ಮೈಸೂರು

ನಿಮಗೆ ಮೊದಲು ಬೇಕಿರೋದು ಚೆಂದದ ಇಂಗ್ಲಿಷ್ ಅಲ್ಲ, ಫೋನ್‌ನಲ್ಲಿ ಆಡಿದ ಮಾತನ್ನು ಅದೇ ದಿನ ಬರೆದು ಕಳಿಸೋ ರೂಢಿ. ನಮ್ಮ ಕೆಲಸದ ಮುಕ್ಕಾಲು ಪಾಲು ಫೋನಲ್ಲಿ, ವಾಯ್ಸ್ ನೋಟ್‌ನಲ್ಲೇ ತೀರ್ಮಾನ ಆಗುತ್ತೆ. ಫೋನ್ ಇಟ್ಟ ಕೂಡಲೇ ನಾನು ಹೀಗೆ ಬರೀತೀನಿ:

"ನಮಸ್ಕಾರ ಸರ್. ಇವತ್ತು ಮಾತಾಡಿದ್ದು ಇಷ್ಟು. ಮುಖಪುಟ ಬಿಟ್ಟು 16 ಪುಟ. ರಫ್ ಸ್ಕೆಚ್ 10ನೇ ತಾರೀಕಿಗೆ. ಸ್ಕೆಚ್ ಹಂತದಲ್ಲಿ ಎರಡು ಸಲ ತಿದ್ದಿಕೊಡ್ತೀನಿ. ಬಣ್ಣ ಹಾಕಿದ ಮೇಲೆ ಬದಲಾವಣೆ ಬಂದರೆ ಪುಟದ ಲೆಕ್ಕದಲ್ಲಿ ಬೇರೆ ದರ. ಮೂರನೇ ಒಂದು ಭಾಗ ಮುಂಗಡ. ಚಿತ್ರಗಳ ಬಳಕೆ ಕನ್ನಡ ಮುದ್ರಣಕ್ಕೆ ಮಾತ್ರ. ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ. ಇಲ್ಲದಿದ್ದರೆ 'ಸರಿ' ಅಂತ ಒಂದು ಉತ್ತರ ಹಾಕಿ."

ಕನ್ನಡ ಪ್ರಕಾಶಕರಿಗೆ ಕನ್ನಡದಲ್ಲೇ ಬರೆಯಿರಿ, ಅವರೂ ಬೇಗ ಉತ್ತರಿಸ್ತಾರೆ. ಆ 'ಸರಿ' ಬರೋವರೆಗೆ ಪೆನ್ಸಿಲ್ ಮುಟ್ಟಬೇಡಿ.

ಬಳಕೆಯ ಸಾಲು ಯಾಕೆ ಹಾಕ್ತೀನಿ ಅಂದ್ರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ ದುಡ್ಡು ಕೊಟ್ಟು ಬರೆಸಿದ ಚಿತ್ರ, ತೆಗೆಸಿದ ಫೋಟೊಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಕಥೆ ಬರೆದವರ ಸ್ಥಿತಿ ಹಾಗಲ್ಲ. ಅವರು ಸಂಬಳದ ಕೆಲಸವಾಗಿ ಬರೆದಿರದಿದ್ದರೆ ಹಕ್ಕು ಅವರದೇ. ಅದನ್ನು ಬಿಟ್ಟುಕೊಡಬೇಕಾದರೆ ಸಹಿಯಿರುವ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳಿರದಿದ್ದರೆ 5 ವರ್ಷ, ಪ್ರದೇಶ ಹೇಳಿರದಿದ್ದರೆ ಭಾರತ ಮಾತ್ರ ಅನ್ನುತ್ತೆ 19ನೇ ಕಲಂ. ಒಂದೇ ಪುಸ್ತಕಕ್ಕೆ ದುಡಿದ ಇಬ್ಬರಲ್ಲಿ ಚಿತ್ರಕಾರರಿಗೇ ಬರಹದ ಅಗತ್ಯ ಹೆಚ್ಚು. ಆದ್ದರಿಂದ ಹಕ್ಕಿನ ವಿಷಯವನ್ನು ಮೇಲ್‌ಗೆ ನಿಲ್ಲಿಸದೆ, ಇಬ್ಬರೂ ಸಹಿ ಹಾಕಿದ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಸ್ಟುಡಿಯೊ ಸಂಬಳದಲ್ಲಿ ಬರೆದದ್ದು ಸಾಮಾನ್ಯವಾಗಿ ಸ್ಟುಡಿಯೊದ್ದೇ. ಹೊರಗಿನ ಕೆಲಸಕ್ಕೆ ಅನುಮತಿ ಇದೆಯಾ ಅಂತ ನೇಮಕಾತಿ ಪತ್ರವನ್ನೂ ಒಮ್ಮೆ ಓದಿ.

ಧಾರಾವಾಹಿ ಸಂಭಾಷಣೆಕಾರ, ಬೆಂಗಳೂರು

ತಿದ್ದುಪಡಿಗೆ ಉತ್ತರ ಕೊಡೋದರ ಬಗ್ಗೆ ಮಾತ್ರ ಹೇಳ್ತೀನಿ. ಗುರುವಾರ ಟಿಆರ್‌ಪಿ ಬರುತ್ತೆ. ನಂಬರ್ ಇಳಿದಿದ್ದರೆ ಸಂಜೆಯೊಳಗೆ ಚಾನೆಲ್‌ನಿಂದ ಫೋನ್: "ನಾಲ್ಕನೇ ಸೀನ್ ಏಳ್ತಿಲ್ಲ, ಅತ್ತೆಗೆ ಇನ್ನೊಂದೆರಡು ಖಡಕ್ ಡೈಲಾಗ್ ಹಾಕಿ." ಸೀನ್ ಏಳ್ತಿಲ್ಲ ಅನ್ನೋದನ್ನ ನಾನು ಪೂರ್ತಿ ನಂಬ್ತೀನಿ, ಅವರು ದಿನಾ ನೋಡೋರು. ಡೈಲಾಗ್ ಸೇರಿಸೋದೇ ಮದ್ದು ಅನ್ನೋದನ್ನ ಮಾತ್ರ ಪರೀಕ್ಷೆ ಮಾಡ್ತೀನಿ. "ಎಲ್ಲಿಂದ ಬೋರ್ ಆಯ್ತು?" ಅಂತ ಕೇಳಿದರೆ ಬಹಳ ಸಲ ಉತ್ತರ ಸೀನಿನ ಮೊದಲ ಅರ್ಧದಲ್ಲಿರುತ್ತೆ, ನಿನ್ನೆ ಎಪಿಸೋಡ್‌ನಲ್ಲಿ ನೋಡಿದ್ದನ್ನೇ ಪಾತ್ರಗಳು ಮತ್ತೆ ಹೇಳ್ಕೊಳ್ತಿರ್ತವೆ. ಆಗ ಬರೆದು ಕಳಿಸ್ತೀನಿ: "ಅತ್ತೆಯ ಸಿಟ್ಟು ತಡವಾಗಿ ಬರ್ತಿದೆ ಅಂತ ಅರ್ಥ ಮಾಡ್ಕೊಂಡೆ. ಮೊದಲ ಆರು ಡೈಲಾಗ್ ತೆಗೆದು ಸಿಟ್ಟಿನಿಂದಲೇ ಶುರು ಮಾಡ್ತೀನಿ. 5 ಗಂಟೆಗೆ ಕೈಸೇರುತ್ತೆ." ಅವರ ಮಾತು ಏನು ಅರ್ಥವಾಯ್ತು, ನಾನೇನು ಮಾಡ್ತೀನಿ, ಯಾವಾಗ. ಸಮರ್ಥನೆ ಬರೆಯೋಕೆ ಹೋಗಲ್ಲ. ಒಪ್ಪದಿದ್ದರೂ ಇದೇ ಕ್ರಮ, ಕಾರಣ ಒಂದು ವಾಕ್ಯದಲ್ಲಿ.

ಅಭ್ಯಾಸಕ್ಕೆ ಒನ್‌ಲೈನ್ ಬರೆಯಿರಿ. ಟಿವಿಯಲ್ಲಿ ನೋಡಿದ ಒಂದೊಂದು ಸೀನಿಗೂ ಒಂದೇ ವಾಕ್ಯ: ಯಾರು, ಎಲ್ಲಿ, ಏನು ಬದಲಾಯ್ತು. ಮೇಲ್ ಬರೆಯೋ ಕೈಗೂ ಇದರಿಂದ ಹದ ಬರುತ್ತೆ.

ಪುಟವಿನ್ಯಾಸಕ, ಹುಬ್ಬಳ್ಳಿ

ಕನ್ನಡ ಪಠ್ಯ ಕಳಿಸುವಾಗ ಅಕ್ಷರ ಯೂನಿಕೋಡೋ, ನುಡಿ ತಂತ್ರಾಂಶದ ಹಳೇ ಆಸ್ಕಿ ಫಾಂಟೋ ಅಂತ ಮೇಲ್‌ನಲ್ಲೇ ತಿಳಿಸಿ, ಜೊತೆಗೆ ಪಿಡಿಎಫ್ ಇಡಿ. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಅನ್ನೋ ಆಯ್ಕೆ ಹಾಕದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕಕ್ಕೆ ಕೂರುತ್ತೆ. ಕನ್ನಡ ಬಾರದ ಆಪರೇಟರ್‌ಗೆ ಅದು ತಪ್ಪು ಅಂತ ಗೊತ್ತಾಗಲ್ಲ. ಪಿಡಿಎಫ್ ಇದ್ದರೆ ಚಿತ್ರದ ಹಾಗೆ ಹೋಲಿಸಿ ನೋಡ್ತಾರೆ.

ರಂಗಕರ್ಮಿ, ಧಾರವಾಡ

ಇಂಗ್ಲಿಷ್ ಬರದಿದ್ರ ದಾರಿ ಬಂದ್ ಅನ್ಕೋಬ್ಯಾಡ ತಂಗಿ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಾಗ ಶುರು ಆದ ಸಂಸ್ಥೆ, ಅನುದಾನದ ಪ್ರಸ್ತಾವನೆ ಕನ್ನಡದಾಗ ಬರದ್ರೂ ತಗೋತದ. ಅನುದಾನ ಸಿಗಲಿ ಬಿಡಲಿ, ಒಂದು ಪ್ರಸ್ತಾವನೆ ಪೂರ್ತಿ ಬರದು ನೋಡು. "ನಮ್ಮ ಭವ್ಯ ಜಾನಪದ ಪರಂಪರೆಯನ್ನು ಉಳಿಸುವ ಸದುದ್ದೇಶದಿಂದ" ಅಂತ ಶುರು ಮಾಡಬ್ಯಾಡ. ಯಾವ ಊರಿನ ಪಾರಿಜಾತ ಆಟದ ಮೇಳ, ಯಾರ ಜೋಡಿ ಕೆಲಸ, ಎಷ್ಟು ತಿಂಗಳು, ಕಡೀಕ ಕೈಯಾಗ ಏನು ಉಳೀತದ, ಇಷ್ಟು ಸಾಕು. ಬಜೆಟ್‌ನ್ಯಾಗ ಗೌರವಧನ, ಬಸ್ ಚಾರ್ಜು, ಊಟ ಬ್ಯಾರೆ ಬ್ಯಾರೆ ತೋರಿಸು. 'ಇತರೆ' ಖರ್ಚು ದೊಡ್ಡದಿದ್ರ ಓದಾವ್ರಿಗೆ ಅನುಮಾನ ಬರ್ತದ. ದುಡ್ಡಿನ ಮಾತು ಮುಚ್ಚಿಡದೆ ಬರಿಯೂದು ಇಲ್ಲೇ ರೂಢಿ ಆಗ್ತದ.

ಫ್ರೀಲಾನ್ಸ್ ಕಾಪಿರೈಟರ್, ಬೆಂಗಳೂರು

ದುಡ್ಡಿನ ಮಾತು ಕೆಲಸ ಒಪ್ಪಿಕೊಳ್ಳೋ ಮೇಲ್‌ನಲ್ಲೇ ಬರಬೇಕು, ಕೊಟ್ಟು ಮುಗಿಸಿದ ಮೇಲಲ್ಲ. ಹೊರಗಿನ ಕೆಲಸ ಹೆಚ್ಚಾಗೋದಿದ್ದರೆ ಮೊದಲೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. ಸಣ್ಣ ಉದ್ಯಮಗಳಿಗಾಗಿ ಇರೋ ಎಂಎಸ್ಎಂಇ ಕಾಯ್ದೆ 2006ರ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಕೆಲಸ ಒಪ್ಪಿಸಿಕೊಂಡ ಮೇಲೆ ಪಾವತಿಗೆ 45 ದಿನಕ್ಕಿಂತ ಹೆಚ್ಚು ಗಡುವು ಇಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸೋ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದನ್ನು ಬೆದರಿಕೆಯಾಗಿ ಬರೆಯಬೇಡಿ. ಇನ್‌ವಾಯ್ಸ್‌ನ ಕೆಳಗೆ ಉದ್ಯಮ್ ಸಂಖ್ಯೆ, ಕೊನೆಯ ದಿನಾಂಕ ಇರಲಿ. ಅಕೌಂಟ್ಸ್ ವಿಭಾಗದವರಿಗೆ ಅರ್ಥವಾಗುತ್ತೆ.

ಇಂಗ್ಲಿಷ್ ಮೇಲ್ ಬಗ್ಗೆ: ಕನ್ನಡದಲ್ಲಿ ಹೇಳಬೇಕಾದ್ದನ್ನು ಮೂರು ವಾಕ್ಯದಲ್ಲಿ ಮೊದಲು ಬರೆದುಕೊಳ್ಳಿ. ಆ ಮೂರನ್ನೇ ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ, ನಾಲ್ಕನೆಯದು ಸೇರಿಸಬೇಡಿ. ಏನು ಬೇಕು ಅನ್ನೋದು ಮೊದಲ ವಾಕ್ಯದಲ್ಲೇ ಇರಲಿ. ನಿಮಗೆ ಬಂದ ಒಳ್ಳೆ ಮೇಲ್‌ಗಳನ್ನು ಒಂದು ಫೋಲ್ಡರ್‌ನಲ್ಲಿ ಕೂಡಿಡಿ. ನಾನು ಕಲಿತದ್ದು ಒಬ್ಬ ಹಿರಿಯ ಅಕೌಂಟ್ ಮ್ಯಾನೇಜರ್ ಮೇಲ್‌ಗಳನ್ನು ಹಾಗೆ ಓದಿ ಓದಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ ಎಲ್ಲರಿಗೂ. ಸ್ಟುಡಿಯೊದಲ್ಲಿ ಕ್ಲೈಂಟ್ ಜೊತೆ ಸೀನಿಯರ್ ಒಬ್ಬರೇ ಮಾತಾಡ್ತಾರೆ. ಮೀಟಿಂಗ್ ಆದ ಮೇಲೆ ನಾನು ಬರೆದು ಕಳಿಸಿದರೆ ಅಧಿಕಪ್ರಸಂಗ ಆಗಲ್ವಾ?

ಮಕ್ಕಳ ಪುಸ್ತಕಗಳ ಚಿತ್ರಕಾರ್ತಿ, ಮೈಸೂರು

ಕ್ಲೈಂಟ್‌ಗೆ ನೇರ ಕಳಿಸಬೇಡಿ. ಮೀಟಿಂಗ್‌ನಲ್ಲಿ ಬರ್ಕೊಂಡಿದ್ದನ್ನು ಸೀನಿಯರ್‌ಗೆ ಕಳಿಸಿ: "ಮೇಡಂ, ನಾನು ನೋಟ್ಸ್ ಮಾಡಿಟ್ಟಿದ್ದೀನಿ. ನೋಡಿ ತಿದ್ದಿಕೊಡಿ, ನಿಮ್ಮ ಹೆಸರಲ್ಲೇ ಹೋಗಲಿ." ಅವರು ಏನು ತಿದ್ದಿದರು, ಯಾವ ಸಾಲು ತೆಗೆದುಹಾಕಿದರು ಅಂತ ನಿಮ್ಮ ಪ್ರತಿ ಜೊತೆ ಇಟ್ಟು ನೋಡಿ. ನಾಲ್ಕಾರು ಸಲ ಆದ ಮೇಲೆ ಅವರೇ ನಿಮಗೆ ಕಳಿಸೋಕೆ ಹೇಳ್ತಾರೆ.