ಕಡಲ್ಕೊರೆತ: ಊರಿಗೆ ಕಲ್ಲಿನ ಗೋಡೆ ಕೇಳೋದಾ, ಬೇರೇನಾದರೂ ಕೇಳೋದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಊರು ಉಳ್ಳಾಲದ ಕಡೆ. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಮಳೆಗಾಲ ಬಂದರೆ ಕಡಲ್ಕೊರೆತದ್ದೇ ಚಿಂತೆ. ಕಲ್ಲು ಹಾಕಿಸಿ ಅಂತ ಊರವರು ಮನವಿ ಕೊಡಲಿದ್ದಾರೆ. ನೀವು ನಗರ ಯೋಜನೆಯವರು. ಸಮುದ್ರವೇ ಏರುತ್ತಿರುವಾಗ ನಗರಸಭೆ, ಪಂಚಾಯಿತಿ ಏನು ಮಾಡಲು ಸಾಧ್ಯ?

ಉತ್ತರ: ಮನೆ ಬೀಳುವಂತಿದ್ದರೆ ಕಲ್ಲು ಕೇಳಲೇಬೇಕು. ಆದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಗೋಡೆಗೆ ಬಡಿದ ಅಲೆ ಬುಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಗೋಡೆ ಮುಗಿಯುವ ಕಡೆ, ಪಕ್ಕದವರ ಜಾಗದಲ್ಲಿ, ಕೊರೆತ ಜಾಸ್ತಿಯಾಗುತ್ತದೆ.

1901ರಿಂದ 2018ರೊಳಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂ.ಮೀ. ಏರಿದೆ. 2006ರ ನಂತರ ವರ್ಷಕ್ಕೆ ಸುಮಾರು 3.7 ಮಿ.ಮೀ. ಕೇಳಲು ಕಡಿಮೆ ಅನಿಸಬಹುದು. ಆದರೆ 2021ರ ತೌಕ್ತೆಯಂಥ ಚಂಡಮಾರುತದ ಅಲೆ ಏಳುವುದು ಏರಿದ ಆ ನೀರಿನ ಮೇಲಿಂದಲೇ.

ಕಟ್ಟಡ ಪರವಾನಗಿ, ಒಳರಸ್ತೆ, ಚರಂಡಿ, ಕುಡಿಯುವ ನೀರು ಇವು ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇವೆ. ಹೊಸ ಅಂಗನವಾಡಿ, ಪಂಪ್‌ಹೌಸ್, ನೀರಿನ ಟ್ಯಾಂಕ್ ಎಲ್ಲಿ ಬೇಡ ಅಂತ ಈಗಲೇ ಗುರುತಿಸಲಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಗಳಿಗಾಗಿ ಅಪಾಯದ ಗೆರೆಯನ್ನೂ, ಅಂದರೆ ಕಡಲಿನ ಅಪಾಯ ಎಲ್ಲಿವರೆಗೆ ಬರಬಹುದು ಅನ್ನುವ ಗೆರೆಯನ್ನೂ, ಗುರುತಿಸಿದ್ದಾರೆ. 2019ರ ಅಧಿಸೂಚನೆ ಪ್ರಕಾರ ಅದು ವಿಪತ್ತು ನಿರ್ವಹಣೆಗೆ ಬಳಸುವ ಸಾಧನ ಮಾತ್ರ. ಆ ಗೆರೆ ತಾನಾಗಿ ಯಾವ ಕಟ್ಟಡವನ್ನೂ ತಡೆಯುವುದಿಲ್ಲ. ಯೋಜನೆ ಮಾಡುವವರು ಅದನ್ನು ಮುಂದಿಟ್ಟುಕೊಂಡು ಕೂರಬೇಕು. ನೀರಿನ ದಾರಿಯಲ್ಲಿ ಕಟ್ಟಲು ಬಿಟ್ಟರೆ ಏನಾಗುತ್ತದೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಮುಳುಗಿದಾಗಲೇ ನೋಡಿದೆವು ಅಲ್ವಾ?

ಚರಂಡಿ ಕಡಲಿಗೋ ಹೊಳೆಗೋ ಸೇರುವ ಬಾಯಿಯನ್ನೂ ನೋಡಿಸಿ. ಜೋರು ಮಳೆಯ ಹೊತ್ತಿಗೇ ಉಬ್ಬರ ಬಂದರೆ ನೀರು ವಾಪಸ್ ಬೀದಿಗೆ ನುಗ್ಗುತ್ತದೆ. ಒಳಗಿನ ನೀರು ಹೊರಹೋಗಲು ಬಿಟ್ಟು ಉಬ್ಬರದ ನೀರನ್ನು ತಡೆಯುವ ಬಾಗಿಲು ಅಲ್ಲಿರಬೇಕು. ದಡದ ಬಾವಿಗಳ ಉಪ್ಪಿನಂಶವನ್ನು ಏಪ್ರಿಲ್, ಮೇಯಲ್ಲಿ ಪ್ರತಿವರ್ಷ ಅಳೆದು ಬರೆದಿಡಲಿ. ಬೋರ್‌ವೆಲ್ ಎಳೆದಷ್ಟೂ ಉಪ್ಪು ನೀರು ಒಳಗೆ ಬರುತ್ತದೆ.

ಮರುಪ್ರಶ್ನೆ: ಹಾಗಾದರೆ ಮುಂದೆ ಊರೇ ಬಿಡಬೇಕಾ ಮೇಡಂ? ಅಪ್ಪ ಒಪ್ಪುವುದಿಲ್ಲ.

ಉತ್ತರ: ಯಾರನ್ನೂ ಬಲವಂತವಾಗಿ ಎಬ್ಬಿಸಬಾರದು. ದೋಣಿ, ಬಲೆ ದಡದಲ್ಲಿರುವವರನ್ನು ದೂರ ಕಳಿಸಿದರೆ ಅವರ ಹೊಟ್ಟೆಪಾಡು ಹೋಗುತ್ತದೆ. ಆದರೆ ಮನೆ ಬಿದ್ದ ಮೇಲೆ ಜಾಗ ಹುಡುಕುವುದು ಅನ್ಯಾಯ. ನಡೆದು ಹೋಗುವಷ್ಟು ಹತ್ತಿರದಲ್ಲೇ ಸ್ವಲ್ಪ ಎತ್ತರದ ಜಾಗ ಕಾದಿರಿಸಿ ಅಂತ ಮನವಿಯಲ್ಲಿ ಬರೆಯಿರಿ. ಒಂದು ಪ್ರತಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೂ ಕೊಡಿ. ಅದರ ಅಧ್ಯಕ್ಷರು ಡಿಸಿ.