ತವರಿನ ಪತ್ರಕ್ಕೆ ಸಹಿ ಹಾಕಲಾ, ಬೇಡವಾ?

ಟಿಕೆಟ್ ಅಕ್ಕ ಕೇಳಿದ್ದು:

ನಾನು ಬಸ್ ಕಂಡಕ್ಟರ್. ತವರು ಮಂಡ್ಯ ಕಡೆ, ಈಗ ಇರುವುದು ಮೈಸೂರಿನಲ್ಲಿ. ಹನ್ನೊಂದು ವರ್ಷದ ಸರ್ವಿಸ್. ವಿಷಯ ಸ್ವಲ್ಪ ಉದ್ದ ಇದೆ, ಬೇಸರ ಮಾಡಿಕೊಳ್ಳಬೇಡಿ.

ಮಾರ್ಚ್ 8ಕ್ಕೆ ನಮ್ಮ ಡಿಪೋದಲ್ಲಿ ಮಹಿಳಾ ದಿನ ಮಾಡಿದರು. ಶಾಮಿಯಾನ, ಆಳಿಗೊಂದು ಗುಲಾಬಿ, ಕೇಸರಿಬಾತು. "ಹೆಣ್ತನ ಅಂದರೆ ಏನು, ಎರಡು ನಿಮಿಷ ಮಾತಾಡಮ್ಮ" ಎಂದು ಮೈಕ್ ಕೈಗೆ ಕೊಟ್ಟರು. ದಿನಾ ಬಸ್ಸಿನಲ್ಲಿ ಕೂಗುವವಳಿಗೆ ಮೈಕಿನ ಭಯ ಏನಿಲ್ಲ. ಆದರೆ ಏನು ಹೇಳುವುದು ಅಂತ ಹೊಳೆಯಲಿಲ್ಲ. ಏಳನೇ ಕ್ಲಾಸಿನ ಪ್ರಬಂಧ ನೆನಪಿಗೆ ಬಂತು. ಸಹನೆ, ತ್ಯಾಗ, ಭೂಮಿತಾಯಿ ಅಂತ ಒದರಿದೆ. ಚಪ್ಪಾಳೆ ಬಿತ್ತು.

ಸಂಜೆ ಕ್ಯಾಶ್ ಕಟ್ಟಿ ಹೊರಗೆ ಬರುತ್ತಿದ್ದೇನೆ, ದೊಡ್ಡಣ್ಣನ ಫೋನ್. "ಬರೋ ಬುಧವಾರ ರಜ ಹಾಕಿ ಬಾರವ್ವ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸಹಿ ಐತೆ. ಆಧಾರ್ ಕಾರ್ಡು, ಎರಡು ಫೋಟೋ ತಗೊಂಡು ಬಾ." ಏನು ಸಹಿ ಅಂದೆ. "ಪೌತಿ ಖಾತೆಗೆ ಕನವ್ವ, ಎಲ್ಲಾ ಹೆಣ್ಮಕ್ಕಳೂ ಮಾಡೋದೇಯ" ಅಂದ. ಆಮೇಲೆ ಅತ್ತಿಗೆ ಬಾಯಲ್ಲಿ ಬಂತು, ಅದು ಹಕ್ಕು ಬಿಡುಗಡೆ ಪತ್ರ ಅಂತ.

ಅಪ್ಪ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಮೂರು ಎಕರೆ ಇದೆ. ನಾಲೆ ನೀರು, ಕಬ್ಬು. ತಾತನ ಆಸ್ತಿ ಅಲ್ಲ ಅದು. ಅಪ್ಪ ಇನ್ನೊಬ್ಬರ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಬೆಲ್ಲ ತೆಗೆದು, ಒಂದೊಂದೇ ಎಕರೆ ಕೊಂಡದ್ದು. ಅವರ ಎಡಗೈ ಮೇಲೆ ಪಾಕ ಸಿಡಿದ ಕಲೆಗಳಿದ್ದವು. ಚಿಕ್ಕವಳಿದ್ದಾಗ ಆ ಕಲೆ ಎಣಿಸುತ್ತಾ ನಿದ್ದೆ ಹೋಗುತ್ತಿದ್ದೆ.

ಅಣ್ಣಂದಿರು ಕೆಟ್ಟವರಲ್ಲ, ಅದೇ ಕಷ್ಟ. ನನ್ನ ಮದುವೆಗೆ ಸಾಲ ಮಾಡಿದ್ದಾರೆ. ಪ್ರತಿ ಗೌರಿ ಹಬ್ಬಕ್ಕೆ ಇಬ್ಬರಲ್ಲಿ ಒಬ್ಬರು ಬಾಗಿನ ತಂದೇ ತರುತ್ತಾರೆ. ಹೋದ ವರ್ಷ ಹಬ್ಬದ ಹಿಂದಿನ ದಿನ ನಾನು ಡ್ಯೂಟಿಯಲ್ಲಿದ್ದೆ. ಒಬ್ಬ ಅಜ್ಜಿ ತೊಡೆ ಮೇಲೆ ಅರಿಶಿನ ಬಳಿದ ಮೊರ ಇಟ್ಟುಕೊಂಡು ಕೂತಿತ್ತು. ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟಿತ್ತು. ಹಳ್ಳ ಬಂದಾಗೆಲ್ಲ ಎರಡು ಕೈಯಲ್ಲಿ ಅದುಮಿ ಹಿಡಿಯುತ್ತಿತ್ತು. ಒಳಗೆ ಏನಿರುತ್ತೆ? ಅಕ್ಕಿ, ಬೇಳೆ, ಬೆಲ್ಲದಚ್ಚು, ಬಳೆ, ಬಿಚ್ಚೋಲೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಒಂದು ತೆಂಗಿನಕಾಯಿ. "ತವರಿಂದ ಬಂತಾ ಅಜ್ಜಿ?" ಅಂದೆ. "ಅಣ್ಣ ಹೋದ, ಅಣ್ಣನ ಮಗ ಕೊಟ್ಟ. ಇನ್ನೂ ಮರ್ತಿಲ್ಲ ಕನವ್ವ" ಅಂತ ಮುಖ ಅರಳಿಸಿತು. ಝೀರೋ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದೆ. ಆ ಮುಖ ಈಗ ಪದೇ ಪದೇ ಕಣ್ಣ ಮುಂದೆ ಬರುತ್ತಿದೆ.

ನನಗೆ ಸಂಬಳ ಇದೆ, ಊಟಕ್ಕೆ ತೊಂದರೆ ಇಲ್ಲ. ಆದರೂ ಸಹಿ ಹಾಕು ಅಂದಾಗ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಬೇಡ ಅಂದರೆ ತವರಿನ ಬಾಗಿಲು ಮುಚ್ಚುತ್ತಾ? ಪಾಲು ಕೇಳುವುದು ದುರಾಸೆಯಾ? ಇಂಥದ್ದು ಕಂಡವರು ಹೇಳಿ.

ಬೆರಳಚ್ಚು ಬರೆದದ್ದು:

ಅಕ್ಕ, ನಾನು ಪತ್ರ ಬರಹಗಾರರ ಹತ್ತಿರ ಒಂಬತ್ತು ವರ್ಷ ಟೈಪ್ ಮಾಡಿದವಳು. ಮೊದಲು ಒಂದು ವಿಷಯ. ಪೌತಿ ಖಾತೆ ಬೇರೆ, ಹಕ್ಕು ಬಿಡುಗಡೆ ಬೇರೆ. ಪೌತಿ ಖಾತೆ ಅಂದರೆ ತೀರಿಹೋದವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಹತ್ತಿಸುವುದು. ಅದರಲ್ಲಿ ನಿಮ್ಮ ಹೆಸರು ಬರಬೇಕು, ಹೋಗಬಾರದು. ಹಕ್ಕು ಬಿಡುಗಡೆ ಅಂದರೆ ನಿಮ್ಮ ಪಾಲನ್ನು ನೀವೇ ಬಿಟ್ಟುಕೊಟ್ಟೆ ಅಂತ ರಿಜಿಸ್ಟರ್ ಮಾಡಿಸುವುದು. ಒಮ್ಮೆ ಆಯಿತು ಅಂದರೆ ವಾಪಸ್ ಪಡೆಯಲು ಕೋರ್ಟಿಗೆ ಹೋಗಿ ಮೋಸ ಆಯಿತು, ಒತ್ತಾಯ ಆಯಿತು ಅಂತ ನೀವೇ ರುಜುವಾತು ಮಾಡಬೇಕು. ಸುಲಭದ ಮಾತಲ್ಲ.

ಆ ಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತೆ. "ಯಾರ ಒತ್ತಾಯ, ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ಬರೆದುಕೊಟ್ಟ ಪತ್ರ." ನೂರಾರು ಸಲ ಟೈಪ್ ಮಾಡಿದ್ದೇನೆ, ಕಣ್ಣು ಮುಚ್ಚಿದರೂ ಬೆರಳು ಓಡುತ್ತೆ. ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತ ಹೆಣ್ಣುಮಕ್ಕಳನ್ನು ನೋಡುತ್ತಲೇ ಟೈಪ್ ಮಾಡಿದ್ದೇನೆ. ಖುಷಿಯಿಂದ ಬಿಟ್ಟುಕೊಟ್ಟವರೂ ಇದ್ದರು, ಇಲ್ಲ ಅನ್ನಲ್ಲ. ಆದರೆ ಅವರು ಪತ್ರ ಪೂರ್ತಿ ಓದಿಸಿಕೊಂಡು ಸಹಿ ಹಾಕುತ್ತಿದ್ದರು.

ಈಗ ಲೆಕ್ಕ. ಅಪ್ಪನ ಸ್ವಂತ ದುಡಿಮೆ, ವಿಲ್ ಬರೆದಿಲ್ಲ ಅಂದರೆ ಹೆಂಡತಿ, ಮಕ್ಕಳು ಎಲ್ಲರಿಗೂ ಸಮಪಾಲು. ಹೆಣ್ಣುಮಗಳು, ಗಂಡುಮಗ ಅಂತ ಭೇದ ಇಲ್ಲ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೂ ಇದೆ, ಹೊಸದೇನಲ್ಲ. (ನಿಮ್ಮ ಅಪ್ಪನ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು.) ಮೂರು ಎಕರೆ ಅಂದರೆ 120 ಗುಂಟೆ. ಅಣ್ಣಂದಿರು ಇಬ್ಬರು, ನೀವು, ಅಮ್ಮ. ತಲೆಗೆ 30 ಗುಂಟೆ.

ನೀವು ಇಷ್ಟುದ್ದ ಬರೆದಿರಿ, ಅಮ್ಮನ ಮಾತೇ ಇಲ್ಲವಲ್ಲ. ಅವರು ಇದ್ದಾರಾ? ಇದ್ದರೆ ಅವರ ಹೆಬ್ಬೆಟ್ಟೂ ಅದೇ ಪತ್ರಕ್ಕೆ ಬೀಳುತ್ತಾ? ಅದನ್ನು ಮೊದಲು ಕೇಳಿ.

ಎರಡನೇ ಮಗ ಬರೆದದ್ದು:

ಬೈಸಿಕೊಳ್ಳಲು ರೆಡಿಯಾಗಿಯೇ ಬರೆಯುತ್ತಿದ್ದೇನೆ. ನಾನು ಅಕ್ಕನ ಹತ್ತಿರ ಸಹಿ ಹಾಕಿಸಿಕೊಂಡವನು.

ಊರಲ್ಲಿ ಉಳಿದವರ ಕಷ್ಟವೂ ನೋಡಿ. ರಾತ್ರಿ ಎರಡು ಗಂಟೆಗೆ ಕರೆಂಟ್ ಕೊಡುತ್ತಾರೆ, ಮೋಟರ್ ಹಾಕಲು ಎದ್ದು ಹೋಗುವವರು ನಾವು. ಕಬ್ಬು ಕಡಿಯಲು ಆಳು ಸಿಗಲ್ಲ. ಕಬ್ಬಿನ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತು. ಅಪ್ಪನಿಗೆ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದವರೂ ನಾವೇ. ಹೆದ್ದಾರಿ ಅಗಲವಾಗಿ ರೇಟು ಏರಿದ ಮೇಲೆ ಎಲ್ಲರಿಗೂ ಗುಂಟೆ ಲೆಕ್ಕ ನೆನಪಾಗುತ್ತೆ. ಸೊಸೈಟಿ ಸಾಲದ ಲೆಕ್ಕ ಯಾರಿಗೂ ನೆನಪಾಗಲ್ಲ. ಪಾಲು ಅಂದರೆ ಸಾಲದಲ್ಲೂ ಪಾಲು, ಅಲ್ವಾ?

ಅಕ್ಕ ಏನೂ ಅನ್ನದೆ ಸಹಿ ಹಾಕಿದಳು. ಜಗಳ ಇಲ್ಲ, ಮಾತೂ ಬಿಟ್ಟಿಲ್ಲ. ಆದರೆ ಮೊದಲೆಲ್ಲ ಮನೆಗೆ ಬಂದರೆ ಸೀದಾ ಅಡುಗೆಮನೆಗೆ ಹೋಗಿ ಮಡಕೆ ಮುಚ್ಚಳ ತೆಗೆದು "ಏನೋ ಮಾಡಿದೀರಾ" ಅಂತ ನೋಡುತ್ತಿದ್ದಳು. ಈಗ ಪಡಸಾಲೆಯಲ್ಲಿ ಕೂರುತ್ತಾಳೆ. ನೀರು ಕೊಟ್ಟರೆ ಕುಡಿಯುತ್ತಾಳೆ.

ನೀವು ಬೇಡ ಅನ್ನುವುದಾದರೆ ಆಫೀಸಿನ ಮುಂದೆ, ಸಾಕ್ಷಿಗಳ ಎದುರು ಅನ್ನಬೇಡಿ. ಮುಂಚೆಯೇ ಫೋನಲ್ಲಿ ಹೇಳಿ. ಗಂಡಸರಿಗೆ ಮರ್ಯಾದೆ ಹೋಯಿತು ಅಂತ ಒಮ್ಮೆ ಅನ್ನಿಸಿಬಿಟ್ಟರೆ ಆಮೇಲೆ ಮಾತು ಆಸ್ತಿ ಬಗ್ಗೆ ಇರಲ್ಲ.

ಸುಮ್ನೆ ಒಬ್ಬ ಬರೆದದ್ದು:

ಬಸ್ ಫ್ರೀ. ಮನೆ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ. ಇನ್ನೂ ಸಬಲೀಕರಣ ಬೇಕಂತೆ.

ಟಿಕೆಟ್ ಅಕ್ಕ ಬರೆದದ್ದು:

ಅಣ್ಣ, 2023ರ ಜೂನ್ 11ರಿಂದ ಆ ಫ್ರೀ ಟಿಕೆಟ್ ಹರಿಯುತ್ತಿರುವವಳು ನಾನೇ. ಯಾರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ ಅಂತ ನನಗೆ ಗೊತ್ತು. ಆಸ್ಪತ್ರೆ, ಗಾರ್ಮೆಂಟ್ಸು, ಸಂತೆ. ನಿಮಗೆ ಸೀಟು ಸಿಗಲಿಲ್ಲ ಅನ್ನುವ ಸಿಟ್ಟು ಅರ್ಥವಾಗುತ್ತೆ. ಅದಕ್ಕೂ ನಮ್ಮಪ್ಪನ ಗದ್ದೆಗೂ ಸಂಬಂಧ ಇಲ್ಲ.

ಕಡಲ ಬದಿ ಬರೆದದ್ದು:

ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಹಿಂದೆ ಅಳಿಯಕಟ್ಟು, ಅಂದರೆ ಅಳಿಯಸಂತಾನ ಪದ್ಧತಿ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು, ಆಸ್ತಿ ಹೋಗುವುದೂ ಹೆಣ್ಣಿನ ಕಡೆಯಿಂದಲೇ. ಘಟ್ಟದ ಮೇಲಿನವರಿಗೆ ಹೇಳಿದರೆ "ಅಬ್ಬ, ನಿಮ್ಮಲ್ಲಿ ಹೆಂಗಸರದ್ದೇ ರಾಜ್ಯವಾ" ಅಂತ ಕಣ್ಣು ಅರಳಿಸುತ್ತಾರೆ.

ಅಷ್ಟು ಸುಲಭ ಇರಲಿಲ್ಲ ಮಾರಾಯ್ರೆ. ನನ್ನ ಅಜ್ಜಿಯ ಮನೆಯಲ್ಲಿ ಭತ್ತದ ಪತ್ತಾಯ ಒಂದು ಕೋಣೆಯಷ್ಟು ದೊಡ್ಡದಿತ್ತು. ಅದರ ಬೀಗದ ಕೈ ಇದ್ದದ್ದು ಅಜ್ಜಿಯ ಅಣ್ಣನ ಸೊಂಟದಲ್ಲಿ. ಯಜಮಾನಿಕೆ ಅವರದ್ದು. ಮಕ್ಕಳ ಶಾಲೆಯ ಫೀಸಿಗೆ ಎರಡು ಮುಡಿ ಅಕ್ಕಿ ಮಾರಬೇಕಾದರೂ ಅಜ್ಜಿ ಅವರ ಊಟ ಆಗುವವರೆಗೆ ಕಾದು ಕೇಳಬೇಕಿತ್ತು. 1949ರಲ್ಲಿ ಅಳಿಯಸಂತಾನ ಕಾಯ್ದೆ ಬಂದು, ಪಾಲು ಆಗಿ, ಅಜ್ಜಿಯ ಕೈಗೆ ಸ್ವಂತ ಬೀಗದ ಕೈ ಬಂತು. ಅದನ್ನು ಅವಳು ಕರಿಮಣಿಯ ಜೊತೆಗೇ ಪೋಣಿಸಿಕೊಂಡಿದ್ದಳಂತೆ. ಅಮ್ಮ ಈಗಲೂ ನಗಾಡುತ್ತಾ ಹೇಳುತ್ತಾರೆ.

ಅದಕ್ಕೇ ಹೇಳುವುದು, ಪಹಣಿಯಲ್ಲಿ ಹೆಸರು ಬಂದರೆ ಅಲ್ಲಿಗೆ ಮುಗಿಯಿತು ಅಂತ ಕೂರಬೇಡಿ. ಕಬ್ಬಿನ ಬಿಲ್ಲು ಯಾರ ಖಾತೆಗೆ ಬರುತ್ತೆ, ಸಾಲ ಯಾರ ಹೆಸರಲ್ಲಿದೆ, ಅದನ್ನೂ ಕೇಳಿ. ಜಾಸ್ತಿ ಮಾತಾಡಿದೆನಾ? ಇರಲಿ.

ಎಂಬತ್ತೊಂಬತ್ತರ ಮದುಮಗಳು ಬರೆದದ್ದು:

ನನ್ನ ಮೊಮ್ಮಗಳು ಈ ಪ್ರಶ್ನೆ ತೋರಿಸಿದಳು. ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡುತ್ತಿದ್ದಾಳೆ.

ನನ್ನ ಮದುವೆ 1989ರಲ್ಲಿ, ತುಮಕೂರು ಕಡೆ. ನಮ್ಮದು ಪಿತ್ರಾರ್ಜಿತ. 1994ರಲ್ಲಿ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲು ಅಂತ ಕಾನೂನು ಬಂತು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಹೆಮ್ಮೆಯ ವಿಷಯವೇ. ಆದರೆ ಅದರಲ್ಲೊಂದು ಕೊಕ್ಕೆ. ಅಷ್ಟರೊಳಗೆ ಮದುವೆ ಆದವರಿಗೆ ಇಲ್ಲ. ನನ್ನ ತಂಗಿಗೆ 1995ರಲ್ಲಿ ಮದುವೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಅವಳಿಗೆ ಇದೆ, ನನಗಿಲ್ಲ! ಅಪ್ಪ "ನಿನಗೆ ಅವಸರದಲ್ಲಿ ಮಾಡಿಬಿಟ್ಟೆ" ಅಂತ ತಮಾಷೆ ಮಾಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಆಮೇಲೆ 2005ರ ಸೆಪ್ಟೆಂಬರಿನಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಮಾತು ಹೋಯಿತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ. ತಿದ್ದುಪಡಿ ಬಂದಾಗ ಅಪ್ಪ ಬದುಕಿರಬೇಕಿತ್ತಾ ಬೇಡವಾ ಅಂತ ಕೋರ್ಟುಗಳಲ್ಲೇ ಹದಿನೈದು ವರ್ಷ ಜಗ್ಗಾಟ. 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ಬದುಕಿರಬೇಕಾಗಿಲ್ಲ ಅಂದಿತು. ಪಕ್ಕದ ಮನೆಯ ಹುಡುಗ ಮೊಬೈಲಲ್ಲಿ ಓದಿ ಹೇಳಿದ. ನಾನು ಆಗ ಹಪ್ಪಳ ಒಣಗಿಸುತ್ತಿದ್ದೆ.

ಕೇಳಿದೆ. ಪಾಲು ಕೇಳಿದ್ದಕ್ಕೆ ತಮ್ಮ ಎರಡು ವರ್ಷ ಮಾತಾಡಲಿಲ್ಲ. ಹಬ್ಬಕ್ಕೆ ಬಾಗಿನ ಬರಲಿಲ್ಲ. ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೂರನೇ ವರ್ಷ ಮಗಳ ಮದುವೆಗೆ ಕರೆಯಲು ಅವನೇ ಬಂದ. ಪಾಲಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅಲ್ಲಿ ನನ್ನ ಹೆಸರಿನಲ್ಲಿ ಹದಿನೆಂಟು ತೆಂಗಿನ ಮರ ಇವೆ. ಉಳುವುದು, ಕಾಯಿ ಕೀಳಿಸುವುದು ಅವನೇ. ಕಾಯಿ ಕಳಿಸುತ್ತಾನೆ. ಕೆಲವು ಸಲ ಲೆಕ್ಕ ತಪ್ಪಿರುತ್ತೆ, ನಾನು ಎಣಿಸುತ್ತೇನೆ, ಕೇಳಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೇಳಲಾರೆ. ನಮ್ಮ ಬೀದಿಯಲ್ಲೇ ಅಕ್ಕ ಸತ್ತರೂ ಮುಖ ನೋಡಲು ಬರದ ತಮ್ಮ ಇದ್ದಾನೆ.

ನಿನ್ನದು ಪಿತ್ರಾರ್ಜಿತ ಅಲ್ಲ, ನನ್ನಷ್ಟು ಸಿಕ್ಕು ಇಲ್ಲ. ವಕೀಲರ ಫೀಸಿಗೆ ಹೆದರಬೇಡ ಮಗಳೇ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. ಹೆಂಗಸರಿಗೆ ಸಂಬಳ ಎಷ್ಟೇ ಇರಲಿ ಅಲ್ಲಿ ವಕೀಲರ ಸಹಾಯ ಪುಕ್ಕಟೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತೆ. ನಾನು ಅಲ್ಲಿಂದಲೇ ಶುರು ಮಾಡಿದ್ದು.

ಟಿಕೆಟ್ ಅಕ್ಕ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಡ್ಯೂಟಿ ಮುಗಿಸಿ ನಿಧಾನವಾಗಿ ಓದಿದೆ, ಎರಡು ಸಲ.

ಬೆರಳಚ್ಚು ಅವರೇ, ನಿಮ್ಮ ಪ್ರಶ್ನೆಗೆ ನಾಚಿಕೆಯಾಯಿತು. ಅಮ್ಮ ಇದ್ದಾರೆ. ದೊಡ್ಡಣ್ಣನ ಮನೆಯಲ್ಲೇ. ನನ್ನ ಪಾಲಿನ ಯೋಚನೆಯಲ್ಲಿ ಅವರ ನೆನಪೇ ಬರಲಿಲ್ಲ. ಅಣ್ಣಂದಿರಿಗೆ ನನ್ನ ನೆನಪಾಗದ ಹಾಗೆಯೇ, ನೋಡಿ.

ನಿನ್ನೆ ಮಧ್ಯಾಹ್ನ, ಅಣ್ಣ ಗದ್ದೆಗೆ ಹೋಗಿರುವ ಹೊತ್ತು ನೋಡಿ ಫೋನ್ ಮಾಡಿದೆ. "ನೀನೂ ಬುಧವಾರ ಹೋಗ್ತೀಯಾ?" "ಊ ಕನವ್ವ, ಹೆಬ್ಬೆಟ್ಟು ಒತ್ತು ಅಂದವ್ರೆ." "ಯಾಕೆ ಅಂತ ಕೇಳಿದೆಯಾ?" "ಅದೆಲ್ಲ ನಂಗೆ ಯಾಕೆ." ಮೂವತ್ತು ಗುಂಟೆಯ ವಿಷಯ ಹೇಳಿದೆ. ಆ ಕಡೆ ಸದ್ದಿಲ್ಲ. ಕಟ್ ಆಯಿತೇನೋ ಅಂದುಕೊಂಡೆ. ಆಮೇಲೆ ಮೆಲ್ಲಗೆ "ನಂದೂ ಐತಾ?" ಅಂದರು. ಐದು ನಿಮಿಷ ಬೇರೆ ಏನೇನೋ ಮಾತಾಡಿ, ಹಸು ಕರು ಹಾಕಿದ್ದು ಹೇಳಿ, ಇಡುವ ಹೊತ್ತಿಗೆ ಮತ್ತೆ ಕೇಳಿದರು. "ಯಾವ ಕಡೆದು? ನಾಲೆ ಪಕ್ಕದ್ದಾ?"

ರಾತ್ರಿ ದೊಡ್ಡಣ್ಣನಿಗೆ ಫೋನ್ ಮಾಡಿದೆ. ಎರಡನೇ ಮಗ ಹೇಳಿದ ಹಾಗೆ, ಮುಂಚೆಯೇ. ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ. ಪತ್ರದ ಡ್ರಾಫ್ಟ್ ವಾಟ್ಸಾಪಲ್ಲಿ ಕಳಿಸಣ್ಣ, ಓದಬೇಕು ಅಂದೆ. ಸಾಲ ಎಷ್ಟಿದೆ ಅಂತಲೂ ಬರೆದು ಕಳಿಸು, ನಾನೂ ನೋಡುತ್ತೇನೆ ಅಂದೆ. "ನೀನು ಓದಿ ಏನ್ ಮಾಡ್ತೀಯ?" ಅಂದ. ದನಿ ಗಡುಸಾಗಿತ್ತು. ದಿನಾ ಚಿಲ್ಲರೆಗೆ ಜಗಳ ಆಡುವವಳು ನಾನು, ಅವನ ಮುಂದೆ ಮಾತ್ರ ಗಂಟಲು ಒಣಗುತ್ತೆ. "ಓದ್ತೀನಿ ಅಣ್ಣ, ಅಷ್ಟೇ" ಅಂದೆ. ಫೋನ್ ಇಟ್ಟುಬಿಟ್ಟ.

ಇವತ್ತು ಸಂಜೆವರೆಗೂ ಡ್ರಾಫ್ಟ್ ಬಂದಿಲ್ಲ. ಬುಧವಾರಕ್ಕೆ ಬರೆದುಕೊಟ್ಟಿದ್ದ ರಜೆ ಚೀಟಿ ವಾಪಸ್ ತಗೊಂಡಿದ್ದೇನೆ. ಬೆಳಗ್ಗೆ 5.40ರ ಮಂಡ್ಯ ಗಾಡಿ ನನ್ನದೇ. ಅಮ್ಮನಿಗೆ ಹೇಳಿದ್ದೇನೆ, ಸ್ಟಾಪಿಗೆ ಬಂದು ನಿಂತಿರು, ಟೀ ಕುಡಿಯೋಣ ಅಂತ.