ಪದಚರ್ಚೆ: ಕಾರ್ಡ್ ಕೆಟ್ಟಿಲ್ಲ, ಕೆಲಸವೂ ಮಾಡುತ್ತಿಲ್ಲ. ಇದಕ್ಕೇನು ಹೇಳ್ತೀರಿ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಿತ್ತು. ಸ್ವಲ್ಪ ಕತೆ ಹೇಳಿಯೇ ಕೇಳುತ್ತೇನೆ. ಇಲ್ಲದಿದ್ದರೆ "ನಿಷ್ಕ್ರಿಯ ಅಂತ ಹಾಕಿ ಸಾರ್" ಅನ್ನುವ ಮೊದಲ ಉತ್ತರಕ್ಕೇ ಚರ್ಚೆ ಮುಗಿದುಹೋಗುತ್ತದೆ.

ನಾನು ಸರ್ವರ್ ನೋಡಿಕೊಳ್ಳುವವನು. ನಮ್ಮ ಒಂದು ಸರ್ವರಿನಲ್ಲಿ ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಮಾಹಿತಿಯನ್ನು ಗುಟ್ಟಾಗಿಸುವುದು) ಲೆಕ್ಕ ಮಾಡುವ ಕಾರ್ಡ್ ಇದೆ, ಇಂಟೆಲ್ ಕ್ವಿಕ್‌ಅಸಿಸ್ಟ್ ಜಾತಿಯದು. ಯಾರಾದರೂ ನಮ್ಮ ಸೈಟ್ ತೆರೆದಾಗ ಮೊದಲಿಗೆ ಸರ್ವರ್ ತನ್ನ ಗುರುತು ತೋರಿಸಿ, ಎರಡೂ ಕಡೆಯವರು ಕೀಲಿ ಒಪ್ಪಿಕೊಳ್ಳುವ ಶಾಸ್ತ್ರ ನಡೆಯುತ್ತದಲ್ಲ, ಅದರಲ್ಲಿ ಆರ್‌ಎಸ್‌ಎ ಅನ್ನುವ ದೊಡ್ಡ ದೊಡ್ಡ ಸಂಖ್ಯೆಗಳ ಲೆಕ್ಕ ಬರುತ್ತದೆ. ಅದನ್ನು ಸಿಪಿಯು ತಲೆಯಿಂದ ಇಳಿಸಿಕೊಂಡು ಈ ಕಾರ್ಡ್ ಮಾಡುತ್ತದೆ.

ರಾತ್ರಿ ಪಾಳಿಯ ಹುಡುಗರಿಗೆ ಅಂತ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆಸಿ ಗೋಡೆಗೆ ಅಂಟಿಸಿದ್ದೆವು. ತಲೆಬರಹ: "ಗೂಢಲಿಪೀಕರಣ ವೇಗವರ್ಧಕ ಕಾರ್ಡಿನ ದೋಷನಿವಾರಣೆ". ಒಳಗೆ ಒಂದು ಸಾಲು: "ವೇಗವರ್ಧಕವು ವಿಫಲವಾಗಿದ್ದಲ್ಲಿ ಕಾರ್ಡನ್ನು ಬದಲಿಸಿ."

ಹೋದ ತಿಂಗಳು ಒಂದು ರಾತ್ರಿ ಸಿಪಿಯು ಹೊರೆ ಏರಿ ಒಂದೇ ಸಮನೆ ಉರಿಯತೊಡಗಿತು. ಪಾಳಿಯಲ್ಲಿದ್ದವನು ಟಿಪ್ಪಣಿ ಓದಿದ. ಕಾರ್ಡ್ ಕೆಲಸ ಮಾಡುತ್ತಿಲ್ಲ, ಅಂದರೆ ವಿಫಲ, ಅಂದರೆ ಬದಲಿಸು. ಸರ್ವರ್ ಆಫ್ ಮಾಡಿ, ಮುಚ್ಚಳ ಬಿಚ್ಚಿ, ಬೀರುವಿನಲ್ಲಿದ್ದ ಇನ್ನೊಂದು ಕಾರ್ಡ್ ಹಾಕಿ, ಮತ್ತೆ ಆನ್ ಮಾಡಿದ. ಸಿಪಿಯು ಮೊದಲಿನ ಹಾಗೇ ಉರಿಯುತ್ತಿತ್ತು.

ಬೆಳಿಗ್ಗೆ ನಾನು ಹೋಗಿ ನೋಡಿದೆ. ಸರ್ವರಿಗೆ ಯಾವ ಯಾವ ಕಾರ್ಡ್ ಕಾಣುತ್ತಿದೆ ಅಂತ ಪಟ್ಟಿ ಮಾಡುವ ಎಲ್‌ಎಸ್‌ಪಿಸಿಐ ಆಜ್ಞೆ ಕೊಟ್ಟರೆ ಪಟ್ಟಿಯಲ್ಲಿ ಕಾರ್ಡ್ ಇದೆ. ಸಿಸ್ಟಮ್ ತನ್ನ ಆಗುಹೋಗು ಬರೆದಿಡುವ ಕರ್ನಲ್ ಲಾಗಿನಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ತಂತ್ರಾಂಶ) ಬಗ್ಗೆ ಒಂದು ತಕರಾರೂ ಇಲ್ಲ. ಕಾರ್ಡಿಗೆ ಎಷ್ಟು ಕೋರಿಕೆ ಬಂತು, ಅದು ಎಷ್ಟಕ್ಕೆ ಉತ್ತರ ಕೊಟ್ಟಿತು ಅಂತ ಎಣಿಸಿಡುವ ಒಂದು ಫೈಲ್ ಇರುತ್ತದೆ. ಪಕ್ಕದ ಕಿಟಕಿಯಲ್ಲಿ ಸೈಟನ್ನು ಮತ್ತೆ ಮತ್ತೆ ತೆರೆಯುತ್ತಾ ಇತ್ತ ಆ ಎಣಿಕೆ ನೋಡುತ್ತಾ ಕೂತೆ. ಸರಸರ ಏರಬೇಕಾದ ಸಂಖ್ಯೆ ಇದ್ದಲ್ಲೇ ಕೂತಿದೆ. ಕಾರ್ಡಿಗೆ ಕೆಲಸವೇ ಬರುತ್ತಿಲ್ಲ!

ತಪ್ಪು ನಮ್ಮದೇ. ಹಿಂದಿನ ವಾರ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ್ದೆವು. ಸರ್ವರಿನಲ್ಲಿ ಎನ್‌ಕ್ರಿಪ್ಷನ್ ನೋಡಿಕೊಳ್ಳುವ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್. 2021ರಲ್ಲಿ ಬಂದ ಅದರ 3.0 ಆವೃತ್ತಿಯಿಂದ, ಲೆಕ್ಕವನ್ನು ಇಂಥ ಕಾರ್ಡಿಗೆ ಒಪ್ಪಿಸುವ ಹಳೆಯ 'ಎಂಜಿನ್' ಪದ್ಧತಿ ಬದಿಗೆ ಸರಿದು 'ಪ್ರೊವೈಡರ್' ಅನ್ನುವುದು ಬಂದಿದೆ. ಹೊಸ ಕಾನ್ಫಿಗ್ ಫೈಲ್ ಹಾಕುವಾಗ "ಲೆಕ್ಕ ಕಾರ್ಡಿಗೆ ಕಳಿಸು" ಅನ್ನುವ ಸಾಲನ್ನು ಹಾಕಲು ಮರೆತಿದ್ದೆವು. ಕಳಿಸು ಅಂತ ಹೇಳದಿದ್ದರೆ ಓಪನ್‌ಎಸ್‌ಎಸ್‌ಎಲ್ ಬಾಯೇ ಬಿಡುವುದಿಲ್ಲ, ಸುಮ್ನೆ ಸಿಪಿಯು ಕೈಲಿ ಮಾಡಿಸುತ್ತದೆ. ಲಾಗಿನಲ್ಲಿ ಕೆಂಪು ಅಕ್ಷರ ಇಲ್ಲ, ಸೈಟೂ ನಡೆಯುತ್ತದೆ, ಒಂದಿಷ್ಟು ನಿಧಾನ ಅಷ್ಟೆ.

ಈಗ ಪದಗಳಿಗೆ ಬರುತ್ತೇನೆ.

'ದೋಷನಿವಾರಣೆ' ಮೊದಲು. ನನಗೆ ಇದು ಕೇಳಿದರೆ ಕುಜದೋಷ, ಸರ್ಪದೋಷವೇ ನೆನಪಾಗುವುದು. ತಮಾಷೆ ಬಿಟ್ಟರೂ ಅರ್ಥ ಸರಿಯಿಲ್ಲ. ನಿವಾರಣೆ ಅಂದರೆ ಹೋಗಲಾಡಿಸುವುದು. ನಮಗೆ ಬೇಕಾದದ್ದು ಅದಕ್ಕೂ ಹಿಂದಿನ ಹೆಜ್ಜೆ, ಎಲ್ಲಿ ಏನಾಗಿದೆ ಅಂತ ಹುಡುಕುವುದು. ಆ ಹುಡುಗ ಹುಡುಕಲೇ ಇಲ್ಲ, ನೇರ ನಿವಾರಣೆಗೇ ಹೋದ. 'ದೋಷಪತ್ತೆ' ಅಂತ ಬದಲಿಸಿದ್ದೇನೆ.

'ವೇಗವರ್ಧಕ'ವೂ ಹಾದಿ ತಪ್ಪಿಸುತ್ತದೆ. ರಸಾಯನಶಾಸ್ತ್ರದವರು ಅದನ್ನು ಕ್ಯಾಟಲಿಸ್ಟ್‌ಗೆ ಬಳಸುತ್ತಾರೆ, ಅದು ಒಂದು ಕಡೆ ಇರಲಿ. ಈ ಕಾರ್ಡ್ ಯಾವಾಗಲೂ ವೇಗ ಹೆಚ್ಚಿಸುತ್ತದೆ ಅನ್ನುವುದೇ ಸುಳ್ಳು. ಒಂದು ಚಿಕ್ಕ ತುಣುಕನ್ನು ಕಾರ್ಡಿಗೆ ಕಳಿಸಿ ವಾಪಸ್ ತರಿಸಿಕೊಳ್ಳುವಷ್ಟರಲ್ಲಿ ಸಿಪಿಯು ತಾನೇ ಮಾಡಿ ಮುಗಿಸಿರಬಹುದು. ಎಇಎಸ್ ಅನ್ನುವ ಇನ್ನೊಂದು ಬಗೆಯ ಎನ್‌ಕ್ರಿಪ್ಷನ್ ಲೆಕ್ಕಕ್ಕಂತೂ 2010ರಿಂದ ಇಂಟೆಲ್ ಪ್ರೊಸೆಸರುಗಳ ಒಳಗೇ ಬೇರೆ ಸೂಚನೆಗಳು ಬಂದಿವೆ. ಕಾರ್ಡಿನ ನಿಜವಾದ ಉಪಕಾರ ಹೊರೆ ಹಂಚಿಕೊಳ್ಳುವುದು. ಅದಕ್ಕೇ 'ಹೊರೆ ಇಳಿಸುವ ಕಾರ್ಡ್' ಅಂತ ಬರೆದೆ. ಉದ್ದ ಆಯಿತು, ಗೊತ್ತು. 'ಗೂಢಲಿಪೀಕರಣ'ದ ಗೊಡವೆಗೆ ನಾನು ಹೋಗಲ್ಲ. ಪಾಳಿಯಲ್ಲಿ ಒಬ್ಬರೂ ಹಾಗನ್ನುವುದಿಲ್ಲ, 'ಎನ್‌ಕ್ರಿಪ್ಟ್' ಸಾಕು.

(ಹಾಗೇ ಒಂದು ಮಾತು: ಟಿಪ್ಪಣಿಯಲ್ಲಿ "ಕೀಲಿ" ಅಂತ ಬಂದಲ್ಲೆಲ್ಲ ಗದಗ ಕಡೆಯ ಗೆಳೆಯರೊಬ್ಬರು ಬೀಗ ಅಂತಲೇ ಓದಿಕೊಂಡಿದ್ದರು. ಅವರಲ್ಲಿ ಕೀಲಿ ಹಾಕುವುದು ಅಂದರೆ ಬೀಗ ಹಾಕುವುದು, ತೆಗೆಯಲಿಕ್ಕೆ ಬೇಕಾದದ್ದು ಕೀಲಿಕೈ. ಈಗ ಎಲ್ಲ ಕಡೆ 'ಕೀಲಿಕೈ' ಮಾಡಿದ್ದೇನೆ, ಜಗಳವಿಲ್ಲ.)

ನನ್ನ ಅಸಲಿ ತಲೆನೋವು ಆ 'ವಿಫಲ'ದ ಜಾಗದಲ್ಲಿ. ಕಾರ್ಡ್ ಕೆಟ್ಟಿಲ್ಲ. ಕೈಕೊಟ್ಟಿದೆ ಅನ್ನೋಣವೆಂದರೆ ಅದಕ್ಕೆ ಯಾರೂ ಕೆಲಸ ಹೇಳಿಯೇ ಇರಲಿಲ್ಲ, ಕೈಕೊಡುವುದು ಎಲ್ಲಿಂದ ಬಂತು? 'ನಿಷ್ಕ್ರಿಯ' ಅಂದರೆ ಯಾರೋ ಬೇಕೆಂದೇ ಆಫ್ ಮಾಡಿಟ್ಟ ಹಾಗೆ, ಫೋನ್ ಸೆಟ್ಟಿಂಗಿನಲ್ಲಿ ಆ ಪದ ಇರುವುದೇ ಆ ಅರ್ಥದಲ್ಲಿ. 'ಬಿಡುವಾಗಿದೆ' ಅಂದರೆ ಕೆಲಸವೇ ಇಲ್ಲ ಅಂತಾಗುತ್ತದೆ. ಇಲ್ಲಿ ಕೆಲಸ ರಾಶಿ ಬಿದ್ದಿದೆ, ಕಾರ್ಡ್ ಗಟ್ಟಿಮುಟ್ಟಾಗಿದೆ, ಎರಡನ್ನೂ ಸೇರಿಸಿಲ್ಲ ಅಷ್ಟೆ.

ಇದನ್ನೆಲ್ಲ ಚಹಾ ಕುಡಿಯುತ್ತಾ ಹೇಳಿಕೊಂಡಾಗ ಅದೇ ಗದಗ ಕಡೆಯವರು ಒಂದೇ ಮಾತಿನಲ್ಲಿ ಮುಗಿಸಿದರು: "ಎತ್ತು ಗಟ್ಟಿ ಐತ್ರಿ ಸರ, ನಾವ ಹೂಡಿಲ್ಲ."

ಹೂಡು! ಗಾಡಿ ಹೂಡು, ನೇಗಿಲು ಹೂಡು ಅಂತೀವಲ್ಲ, ಅದೇ. "ಕಾರ್ಡ್ ಹೂಡಿದೆಯೇ ನೋಡಿ" ಅಂದರೆ ಕಾರ್ಡ್ ಇದೆಯೇ ಅಂತಲೂ ಅಲ್ಲ, ಸರಿಯಿದೆಯೇ ಅಂತಲೂ ಅಲ್ಲ, ಕೆಲಸಕ್ಕೆ ಕಟ್ಟಿದ್ದೀರಾ ಅಂತ. ತಪ್ಪು ಯಾರದು ಅನ್ನುವುದೂ ಆ ಕ್ರಿಯಾಪದದಲ್ಲೇ ಇದೆ. ಎತ್ತು ತನ್ನನ್ನು ತಾನೇ ಹೂಡಿಕೊಳ್ಳುವುದಿಲ್ಲ, ಅಲ್ವಾ?

ಅನುಮಾನ ಇರುವುದು ಇಷ್ಟೇ. ಬೆಂಗಳೂರಿನಲ್ಲೇ ಬೆಳೆದ ಹುಡುಗರಿಗೆ ಹೂಡು ಅಂದರೆ ಬಂಡವಾಳ ಹೂಡುವುದು, ದಾವೆ ಹೂಡುವುದು, ಸಂಚು ಹೂಡುವುದು, ಇಷ್ಟೇ ಹೊಳೆಯುತ್ತದೆ. "ಕಾರ್ಡ್ ಹೂಡಿಲ್ಲ" ಅಂತ ಓದಿದ ಒಬ್ಬ "ಯಾವುದರಲ್ಲಿ ಸಾರ್?" ಅಂತ ಕೇಳಿಯೂ ಆಯಿತು. ಒಮ್ಮೆ ಹೇಳಿಕೊಟ್ಟರೆ ನಿಲ್ಲುತ್ತದೆ ಅಂತ ನನ್ನ ಅನಿಸಿಕೆ. ಆದರೆ ನನಗೆ ಈ ಪದ ಜಾಸ್ತಿ ಹಿಡಿಸಿಬಿಟ್ಟಿದೆ, ಹಾಗಾಗಿ ನನ್ನ ಮಾತು ನಂಬಬೇಡಿ.

ಕೇಳುವುದು ಎರಡು. ನಿಮ್ಮ ಕಡೆ ಎತ್ತಿಗೆ, ಗಾಡಿಗೆ ಈ ಅರ್ಥದಲ್ಲಿ 'ಹೂಡು' ಇನ್ನೂ ಬಳಕೆಯಲ್ಲಿದೆಯೇ, ಅಥವಾ 'ಕಟ್ಟು' ಅಂತಲೇ ಅನ್ನುತ್ತೀರಾ? ಮತ್ತೆ, ಇದರ ಎದುರುಪದಕ್ಕೆ, ಅಂದರೆ ಕಾರ್ಡನ್ನು ಬೇಕೆಂದೇ ಕೆಲಸದಿಂದ ತೆಗೆಯುವುದಕ್ಕೆ, 'ಬಿಚ್ಚು' ಅಂತ ಹಾಕಿದ್ದೆ. ಆದರೆ ಅದನ್ನು ಓದಿ ಇನ್ಯಾರಾದರೂ ಸ್ಕ್ರೂಡ್ರೈವರ್ ಹಿಡಿದಾರು ಅಂತ ಭಯ. ಬೇರೆ ಪದ ಇದ್ದರೆ ಹೇಳಿ. ಸೋಮವಾರ ಪಾಳಿ ಬದಲಾಗುತ್ತದೆ, ಅಷ್ಟರೊಳಗೆ ಹೊಸ ಹಾಳೆ ಅಂಟಿಸಬೇಕು.